ಯುವ ಟೆನರ್ ಮತ್ತು ಹೊಗಳಿಕೆಯ ಹೊನ್ನಶೂಲ

ಲಂಡನ್ನಿನ ಕಾವೆಂಟ್ ಗಾರ್ಡನ್‌ನಲ್ಲಿರುವ ರಾಯಲ್ ಒಪೇರಾ ಹೌಸ್‌ನಲ್ಲಿ 2021ರ ಡಿಸೆಂಬರ್ ತಿಂಗಳಿನಲ್ಲಿ ಇಟಲಿಯ ಸಂಗೀತ ರಚನಕಾರ ಪುಚ್ಚೀನಿಯ ‘ಟೋಸ್ಕಾ’ ಪ್ರದರ್ಶನ ನಡೆದಿತ್ತು. ಮೊದಲ ಅಂಕ ಮುಗಿದಾಗ ನಾಯಕ ಕವರದೋಸ್ಸಿಯ ಪಾತ್ರಧಾರಿ, ಅಮೆರಿಕದ ಬ್ರಯಾನ್ ಹೈಮೆಲ್ ಅಸ್ವಸ್ಥರಾಗಿ ಮುಂದೆ ಹಾಡಲಾರದ ಸ್ಥಿತಿಯಲ್ಲಿದ್ದರು. ಅದೇ ಸರಣಿಯ ಮುಂದಿನ ಪ್ರದರ್ಶನಗಳಿಗೆ ಗೊತ್ತಾಗಿದ್ದ 28 ವರ್ಷದ ಫ್ರೆಡ್ಡಿ ಡಿ ತೊಮಾಸೊ ವಿರಾಮದ ಅವಧಿಯಲ್ಲೇ ವೇಷ ಧರಿಸಿ ಎರಡನೆಯ ಅಂಕಕ್ಕೆ ರಂಗವೇರಿದರು. ಪರದೆ ಇಳಿಯುವ ವೇಳೆಗೆ ಪ್ರೇಕ್ಷಕರು ಎದ್ದುನಿಂತಿದ್ದರು. ಮರುದಿನದಿಂದ ಬ್ರಿಟನ್ನಿನ ಪತ್ರಿಕೆಗಳಲ್ಲಿ ಹೊಸ ತಾರೆಯೊಂದರ ಉದಯದ ವಾರ್ತೆ. ಸುಮಾರು ಅರುವತ್ತು ವರ್ಷಗಳ ಅನಂತರ ಬ್ರಿಟಿಷ್ ಟೆನರ್ ಒಬ್ಬರು ಆ ರಂಗಮಂದಿರದಲ್ಲಿ ಕವರದೋಸ್ಸಿಯ ಪಾತ್ರ ಹಾಡಿದ್ದಾರೆ ಎಂಬ ಸಂಗತಿಯೂ ಸುದ್ದಿಗೆ ಮತ್ತಷ್ಟು ಬಣ್ಣ ತುಂಬಿತು.

ಆ ಪ್ರಶಂಸೆ ಇಂದಿಗೂ ಇಳಿದಿಲ್ಲ. 2024ರ ನವೆಂಬರ್‌ನಲ್ಲಿ ಡಿ ತೊಮಾಸೊ ಅದೇ ಪಾತ್ರದ ಮೂಲಕ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಒಪೇರಾವನ್ನು ಪ್ರವೇಶಿಸಿದರು. ಜೊತೆಗೆ ನಾಯಕಿಯಾಗಿ ನಾರ್ವೆಯ ಪ್ರಖ್ಯಾತ ಗಾಯಕಿ ಲೀಸೆ ಡೇವಿಡ್‌ಸೆನ್ ಇದ್ದರು. ಆ ನಿರ್ಮಾಣವು ಜಗತ್ತಿನ ಹಲವು ದೇಶಗಳ ಚಿತ್ರಮಂದಿರಗಳಿಗೂ ನೇರ ಪ್ರಸಾರವಾಯಿತು. ಒಬ್ಬ ಟೆನರ್ ಸಾಮಾನ್ಯವಾಗಿ ಹತ್ತು ಹದಿನೈದು ವರ್ಷಗಳಲ್ಲಿ ಹತ್ತುವ ಮೆಟ್ಟಿಲುಗಳನ್ನು ಇವರು ಮೂರ್ನಾಲ್ಕು ವರ್ಷಗಳಲ್ಲಿ ಹತ್ತಿದ್ದಾರೆ. ಕಂಠ ಸಮರ್ಥವಾಗಿದೆ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಪ್ರಶಂಸೆಯ ವೇಗಕ್ಕೂ ಕಂಠದ ಬೆಳವಣಿಗೆಯ ವೇಗಕ್ಕೂ ತಾಳ ತಪ್ಪಿದಾಗ ಏನಾಗುತ್ತದೆ ಎಂಬುದಕ್ಕೆ ಒಪೇರಾ ಜಗತ್ತಿನಲ್ಲಿ ಉದಾಹರಣೆಗಳು ಸಾಕಷ್ಟಿವೆ. ಬಸವಣ್ಣನವರು ಬಳಸಿದ ‘ಹೊನ್ನಶೂಲ’ ಎಂಬ ಪದ ಟೆನರ್‌ಗಳಿಗೆ ಹೊಂದುವಷ್ಟು ಬೇರೆ ಕಲಾವಿದರಿಗೆ ಹೊಂದುವುದು ವಿರಳ.

ಡಿ ತೊಮಾಸೊ 1993ರಲ್ಲಿ ಆಗ್ನೇಯ ಇಂಗ್ಲೆಂಡಿನ ಟನ್‌ಬ್ರಿಡ್ಜ್ ವೆಲ್ಸ್‌ನಲ್ಲಿ ಹುಟ್ಟಿದವರು. ತಂದೆ ಇಟಲಿಯ ಮೂಲದವರು, ಅಲ್ಲಿ ರೆಸ್ಟೋರೆಂಟ್ ನಡೆಸುತ್ತಿದ್ದರು. ಲಂಡನ್ನಿನ ರಾಯಲ್ ಅಕಾಡೆಮಿ ಆಫ್ ಮ್ಯೂಸಿಕ್‌ನಲ್ಲಿ ವ್ಯಾಸಂಗ ಮಾಡಿದ ಅವರು ಆರಂಭದಲ್ಲಿ ಹಾಡುತ್ತಿದ್ದುದು ಟೆನರ್‌ಗಿಂತ ಕೆಳಗಿನ ಶ್ರುತಿಯ ಬ್ಯಾರಿಟೋನ್ ಧ್ವನಿಯಲ್ಲಿ. 2018ರಲ್ಲಿ ಬಾರ್ಸಿಲೋನಾದ ವಿನ್ಯಾಸ್ ಗಾಯನ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಬಂದ ಮೇಲೆ ಹಾದಿ ಸರಾಗವಾಯಿತು. ವಿಯೆನ್ನಾ ಸ್ಟೇಟ್ ಒಪೇರಾದಲ್ಲಿ ಪಾತ್ರಗಳು ದೊರೆತವು. ಡೆಕ್ಕಾ ಧ್ವನಿಮುದ್ರಣ ಸಂಸ್ಥೆ ಒಪ್ಪಂದ ಮಾಡಿಕೊಂಡಿತು. 2021ರಲ್ಲಿ ಬಂದ ಮೊದಲ ಆಲ್ಬಂ ‘ಪಾಸಿಯೋನೆ’ಯನ್ನು ಇಟಲಿಯ ಟೆನರ್ ಫ್ರಾಂಕೊ ಕೊರೆಲ್ಲಿಯ ಜನ್ಮಶತಾಬ್ದಿಗೆ ಅರ್ಪಿಸಲಾಗಿತ್ತು. ಮರುವರ್ಷ ‘ಇಲ್ ತೆನೊರೆ’ ಬಂತು. ವಿಮರ್ಶಕರು ಕೊರೆಲ್ಲಿಯ ಹೆಸರನ್ನು ಹಿಡಿದುಕೊಂಡು ಹೋಲಿಕೆಗೆ ತೊಡಗಲು ಇಷ್ಟು ಸಾಕಾಗಿತ್ತು.

ಈ ಹೋಲಿಕೆಯನ್ನು ತುಸು ನಿಂತು ನೋಡುವುದು ಒಳ್ಳೆಯದು. ಕೊರೆಲ್ಲಿ ಹುಟ್ಟಿದ್ದು 1921ರಲ್ಲಿ, ಅಂಕೋನಾ ನಗರದಲ್ಲಿ. ಅವರು ಮೊದಲ ಬಾರಿಗೆ ವೃತ್ತಿಪರ ರಂಗವೇರಿದ್ದು 1951ರಲ್ಲಿ, ಸ್ಪೊಲೆತೊ ಎಂಬ ಸಣ್ಣ ಊರಿನಲ್ಲಿ. ಮೆಟ್ರೋಪಾಲಿಟನ್ ತಲುಪಿದ್ದು 1961ರ ಜನವರಿಯಲ್ಲಿ, ನಲವತ್ತನೆಯ ವಯಸ್ಸಿನ ಹೊಸ್ತಿಲಲ್ಲಿ. ಅಂದರೆ ಡಿ ತೊಮಾಸೊ ‘ಹೊಸ ಕೊರೆಲ್ಲಿ’ ಎನ್ನಿಸಿಕೊಂಡ 28ರ ವಯಸ್ಸಿನಲ್ಲಿ ಸ್ವತಃ ಕೊರೆಲ್ಲಿ ರಂಗವನ್ನೇ ಏರಿರಲಿಲ್ಲ! ಯಾರ ಹೆಸರಿನಿಂದ ಯುವಕನನ್ನು ಹೊಗಳಲಾಗುತ್ತಿದೆಯೋ ಅವರಿಗೆ ಕಾಲ ಕೊಟ್ಟ ಬಿಡುವು ಇವರಿಗೆ ಸಿಕ್ಕಿಲ್ಲ ಎಂಬುದನ್ನು ಹೊಗಳುವವರು ಗಮನಿಸಿದಂತೆ ಕಾಣುವುದಿಲ್ಲ.

ಕಂಠಕ್ಕೆ ಕಾಲ ಏಕೆ ಬೇಕು?

ಒಪೇರಾ ಎಂದರೆ ಆದ್ಯಂತ ಹಾಡಿನಲ್ಲೇ ಸಾಗುವ ನಾಟಕ. ಗಾಯಕರಿಗೆ ಮೈಕ್ ಇರುವುದಿಲ್ಲ. ಎದುರಿಗೆ ಎಪ್ಪತ್ತು ಎಂಬತ್ತು ವಾದ್ಯಗಾರರ ವೃಂದ, ಅದರಾಚೆ ಸಾವಿರಾರು ಪ್ರೇಕ್ಷಕರು. ಮೆಟ್ರೋಪಾಲಿಟನ್‌ನಲ್ಲಿ ಸುಮಾರು 3,800 ಆಸನಗಳಿವೆ. ಯೂರೋಪಿನ ಹಳೆಯ ರಂಗಮಂದಿರಗಳ ಪೈಕಿ ಹೆಚ್ಚಿನವು ಇದರ ಅರ್ಧದಷ್ಟೂ ಇಲ್ಲ. ವಾದ್ಯಗಳ ಅಬ್ಬರವನ್ನು ದಾಟಿ ಕೊನೆಯ ಸಾಲಿನ ಕಿವಿಗೆ ತಲುಪಬೇಕಾದ ಧ್ವನಿಯನ್ನು ಗಂಟಲು ಬಿಗಿದು ಹೊರಡಿಸಲಾಗದು. ಉಸಿರಿನ ಹಿಡಿತದಿಂದ, ತಲೆ ಮತ್ತು ಎದೆಯ ಅನುರಣನದಿಂದ ಅದು ಹೊಮ್ಮಬೇಕು. ಪುರುಷ ಕಂಠಗಳಲ್ಲಿ ಟೆನರ್ ಎತ್ತರದ ಸ್ಥಾಯಿಯದು. ಗಂಡಸಿನ ಸಹಜ ಮಾತಿನ ಶ್ರುತಿಗಿಂತ ಬಹಳ ಮೇಲೆ, ಪೂರ್ಣ ಕಂಠದಲ್ಲಿ, ದಣಿವು ಕಾಣಿಸದಂತೆ ಹಾಡುವುದು ಒಂದು ರೀತಿಯಲ್ಲಿ ನಿಸರ್ಗಕ್ಕೆ ವಿರುದ್ಧವಾದ ಸಾಧನೆ. ಪ್ರೇಕ್ಷಕರು ಟೆನರ್‌ಗಳಿಗೆ ಮರುಳಾಗುವುದಕ್ಕೂ ಟೆನರ್‌ಗಳ ಕಂಠ ಬೇಗನೆ ಸವೆಯುವುದಕ್ಕೂ ಕಾರಣ ಇದೊಂದೇ.

ಟೆನರ್‌ಗಳಲ್ಲೂ ತೂಕದ ವ್ಯತ್ಯಾಸವಿದೆ. ರೊಸ್ಸೀನಿ, ಡೊನಿಜೆತ್ತಿಯವರ ಕೃತಿಗಳಿಗೆ ಹಗುರವಾದ, ಚುರುಕಾದ ಶಾರೀರ ಬೇಕು. ವೆರ್ದಿಯ ‘ಲಾ ತ್ರವಿಯಾತಾ’ದ ಅಲ್ಫ್ರೇದೊ ಮಧ್ಯಮ ತೂಕದ ಪಾತ್ರ. ಕವರದೋಸ್ಸಿ ಅದಕ್ಕಿಂತ ಭಾರ. ಇಂಥ ಪಾತ್ರ ಹಾಡುವ ಕಂಠಕ್ಕೆ ಇಟಲಿಯ ಭಾಷೆಯಲ್ಲಿ ‘ಸ್ಪಿಂತೊ’ ಎನ್ನುತ್ತಾರೆ. ಈ ಪದದ ಅರ್ಥವೇ ‘ತಳ್ಳಲ್ಪಟ್ಟದ್ದು’. ಹೆಸರಿನಲ್ಲೇ ಎಚ್ಚರಿಕೆಯಿದೆ. ಇನ್ನೂ ಮೇಲೆ ವೆರ್ದಿಯ ಒತೆಲ್ಲೊ, ವಾಗ್ನರನ ನಾಯಕರು. ಮೂವತ್ತರ ಆಸುಪಾಸಿನಲ್ಲಿ ಕಂಠ ಇನ್ನೂ ಗಟ್ಟಿಯಾಗುತ್ತಲೇ ಇರುತ್ತದೆ. ಆ ಹಂತದಲ್ಲಿ ಭಾರದ ಪಾತ್ರಗಳನ್ನು ಒಂದರ ಮೇಲೊಂದು ಹೊರಿಸಿದರೆ ತಾರಸ್ಥಾಯಿ ಮೊದಲು ಬಿಗಿಯುತ್ತದೆ, ಅನಂತರ ಮೃದುವಾಗಿ ಹಾಡುವ ಶಕ್ತಿ ಕುಂದುತ್ತದೆ, ಕೊನೆಗೆ ಶ್ರುತಿ ಅಲುಗತೊಡಗುತ್ತದೆ. ಮೊದಲಿನ ಎರಡು ಲಕ್ಷಣಗಳು ಚಪ್ಪಾಳೆಯ ನಡುವೆ ಕೇಳಿಸುವುದಿಲ್ಲ.

ಒಂದೇ ರಂಗಮಂದಿರ, ಮೂರು ಬದಲಿಗಳು

2021ರ ಆ ಸಂಜೆಗೆ ಕಾವೆಂಟ್ ಗಾರ್ಡನ್ನಿನ ಇತಿಹಾಸದಲ್ಲೇ ಮುನ್ನುಡಿಯಿದೆ. 1963ರಲ್ಲಿ ಇಲ್ಲಿ ನಡೆಯಬೇಕಿದ್ದ ‘ಲಾ ಬೊಹೆಮ್’ ಪ್ರದರ್ಶನಗಳಿಗೆ ಗೊತ್ತಾಗಿದ್ದವರು ಜುಸೆಪ್ಪೆ ದಿ ಸ್ಟೆಫನೊ. ಅವರಿಂದ ಹಾಡಲಾಗದಿದ್ದಾಗ ಬದಲಿಯಾಗಿ ನಿಂತವರು 27 ವರ್ಷದ ಅಪರಿಚಿತ ಯುವಕ ಲುಚಿಯಾನೊ ಪವರೊಟ್ಟಿ. ಪವರೊಟ್ಟಿಯ ಅಂತಾರಾಷ್ಟ್ರೀಯ ಖ್ಯಾತಿ ಆರಂಭವಾಗಿದ್ದು ಅಲ್ಲಿಂದ. ಎಲ್ಲರೂ ಹೇಳುವ ಕತೆ ಇಷ್ಟೇ. ಆದರೆ ಅದರ ಇನ್ನೊಂದು ಮಗ್ಗುಲನ್ನು ನೋಡಬೇಕು. ದಿ ಸ್ಟೆಫನೊಗೆ ಆಗ ಕೇವಲ 42. ಹತ್ತು ವರ್ಷಗಳ ಹಿಂದೆ, 1953ರಲ್ಲಿ, ಮರಿಯಾ ಕಲ್ಲಾಸ್ ಜೊತೆ ಅವರು ಹಾಡಿದ ‘ಟೋಸ್ಕಾ’ ಧ್ವನಿಮುದ್ರಿಕೆ ಇಂದಿಗೂ ಮಾದರಿಯೆನಿಸಿದೆ. 24ನೆಯ ವಯಸ್ಸಿನಲ್ಲಿ ರಂಗವೇರಿ, 26ಕ್ಕೆ ಮೆಟ್ರೋಪಾಲಿಟನ್ ಸೇರಿ, ಜೇನಿನಂಥ ಶಾರೀರಕ್ಕೆ ಹೊಗಳಿಕೆಯ ಮಳೆಯನ್ನೇ ಪಡೆದವರು ಅವರು. ಐವತ್ತರ ದಶಕದಲ್ಲಿ ತಮ್ಮ ಕಂಠದ ತೂಕ ಮೀರಿದ ಪಾತ್ರಗಳನ್ನು ಒಂದಾದ ಮೇಲೊಂದು ಒಪ್ಪಿಕೊಂಡರು. ಕಂಠ ಕಸುವುಗೂಡಬೇಕಾದ ನಲವತ್ತರ ವಯಸ್ಸಿನಲ್ಲಿ ಪ್ರದರ್ಶನಗಳಿಂದ ಹಿಂದೆ ಸರಿಯತೊಡಗಿದ್ದರು.

ಬ್ರಯಾನ್ ಹೈಮೆಲ್ ಕತೆಯಲ್ಲೂ ಇಂಥದೇ ತಿರುವಿದೆ. 2012ರಲ್ಲಿ ಇದೇ ಕಾವೆಂಟ್ ಗಾರ್ಡನ್ನಿನಲ್ಲಿ ಬೆರ್ಲಿಯೋಜನ ಬೃಹತ್ ಕೃತಿ ‘ಲೆ ತ್ರೊಯೆನ್’ನಿಂದ ಜರ್ಮನಿಯ ಯೊನಾಸ್ ಕಾಫ್‌ಮನ್ ಹಿಂದೆ ಸರಿದಾಗ ಬದಲಿಯಾಗಿ ಬಂದು ಗೆದ್ದವರು ಹೈಮೆಲ್. ಅದೇ ವರ್ಷದ ಡಿಸೆಂಬರ್‌ನಲ್ಲಿ ಅದೇ ಪಾತ್ರಕ್ಕೆ ಮೆಟ್ರೋಪಾಲಿಟನ್‌ನಲ್ಲೂ ಬದಲಿಯಾಗಿ ಹೋಗಿ ವಿಮರ್ಶಕರನ್ನು ಬೆರಗುಗೊಳಿಸಿದ್ದರು. ಒಂಬತ್ತು ವರ್ಷಗಳ ಅನಂತರ ಅವರೇ ಅಸ್ವಸ್ಥರಾಗಿ ಇನ್ನೊಬ್ಬರಿಗೆ ಜಾಗ ಬಿಟ್ಟುಕೊಡಬೇಕಾಯಿತು. ಒಂದು ಸಂಜೆಯ ಅಸ್ವಾಸ್ಥ್ಯ ಯಾರಿಗಾದರೂ ಬರಬಹುದು, ಅದರಿಂದ ದೊಡ್ಡ ತೀರ್ಮಾನಕ್ಕೆ ಬರುವುದು ತಪ್ಪು. ಆದರೆ ಡಿ ತೊಮಾಸೊರನ್ನು ಹೊಗಳಿದ ಬರೆಹಗಳಲ್ಲಿ ಹೈಮೆಲ್ ಹೆಸರು ಬಂದದ್ದು ಬಹುಮಟ್ಟಿಗೆ ‘ಅಸ್ವಸ್ಥರಾದ ಗಾಯಕ’ ಎಂಬ ಎರಡು ಶಬ್ದಗಳಲ್ಲಿ ಮಾತ್ರ.

ವಿಲ್ಲಜೋನ್ ಪ್ರಕರಣ

ಪ್ರಶಂಸೆ ಮತ್ತು ಕಂಠದ ಸಂಬಂಧವನ್ನು ಅರಿಯಲು ಈ ಶತಮಾನದ ಅತ್ಯಂತ ಸ್ಪಷ್ಟ ಉದಾಹರಣೆ ಮೆಕ್ಸಿಕೊದ ರೊಲಾಂಡೊ ವಿಲ್ಲಜೋನ್ ಅವರದು. 1972ರಲ್ಲಿ ಮೆಕ್ಸಿಕೊ ನಗರದಲ್ಲಿ ಹುಟ್ಟಿದ ವಿಲ್ಲಜೋನ್, ಪ್ಲಾಸಿಡೊ ಡೊಮಿಂಗೊ ಸ್ಥಾಪಿಸಿದ ಒಪೆರಾಲಿಯಾ ಸ್ಪರ್ಧೆಯಲ್ಲಿ 1999ರಲ್ಲಿ ಎರಡನೆಯ ಬಹುಮಾನವನ್ನೂ ಪ್ರೇಕ್ಷಕರ ಬಹುಮಾನವನ್ನೂ ಗೆದ್ದರು. ಐದಾರು ವರ್ಷಗಳಲ್ಲಿ ಪ್ಯಾರಿಸ್, ಬರ್ಲಿನ್, ಲಂಡನ್, ನ್ಯೂಯಾರ್ಕ್ ಎಲ್ಲವೂ ಅವರಿಗೆ ಬಾಗಿಲು ತೆರೆದವು. ಕಪ್ಪು ಹೊಳಪಿನ ಶಾರೀರ, ಚಾಪ್ಲಿನ್ನನನ್ನು ನೆನಪಿಸುವ ನಟನೆ, ರಂಗದ ಮೇಲೆ ತನ್ನನ್ನೇ ಸುಟ್ಟುಕೊಳ್ಳುವಂಥ ತೀವ್ರತೆ. ‘ಹೊಸ ಡೊಮಿಂಗೊ’ ಎಂಬ ಬಿರುದು ಬಹುಬೇಗ ಅಂಟಿಕೊಂಡಿತು. 2005ರಲ್ಲಿ ಆಸ್ಟ್ರಿಯಾದ ಸಾಲ್ಜ್‌ಬರ್ಗ್ ಉತ್ಸವದಲ್ಲಿ ರಷ್ಯದ ಅನ್ನಾ ನೆಟ್ರೆಬ್ಕೊ ಜೊತೆ ಹಾಡಿದ ‘ಲಾ ತ್ರವಿಯಾತಾ’ ಒಪೇರಾ ವಲಯದಾಚೆಗೂ ಸುದ್ದಿಯಾಯಿತು. ಧ್ವನಿಮುದ್ರಿಕೆ, ಡಿವಿಡಿ, ನಿಯತಕಾಲಿಕಗಳ ಮುಖಪುಟ, ಜೋಡಿ ಸಂಗೀತ ಕಛೇರಿಗಳು, ಹೀಗೆ ಬೇಡಿಕೆ ಮುಗಿಲು ಮುಟ್ಟಿತು.

2007ರಲ್ಲಿ ಕಂಠ ಕೈಕೊಟ್ಟಿತು. ಹಲವು ತಿಂಗಳ ಕಾರ್ಯಕ್ರಮಗಳನ್ನು ರದ್ದುಪಡಿಸಿ ವಿಶ್ರಾಂತಿ ಪಡೆದ ಅವರು 2008ರಲ್ಲಿ ಮರಳಿದರು. ಅದೇ ವರ್ಷ ಕಾವೆಂಟ್ ಗಾರ್ಡನ್ನಿನಲ್ಲಿ ವೆರ್ದಿಯ ಸುದೀರ್ಘವಾದ ‘ಡಾನ್ ಕಾರ್ಲೊ’ದ ನಾಯಕನಾಗಿ ಹಾಡಿದರು. ಚೇತರಿಸಿಕೊಳ್ಳುತ್ತಿರುವ ಕಂಠಕ್ಕೆ ಅದು ಹಗುರವಾದ ಕೆಲಸವೇನಲ್ಲ. 2009ರ ಜನವರಿಯಲ್ಲಿ ಮೆಟ್ರೋಪಾಲಿಟನ್‌ನಲ್ಲಿ ‘ಲೂಚಿಯಾ ದಿ ಲಾಮ್ಮೆರ್‌ಮೂರ್’ ಹಾಡುತ್ತಿದ್ದಾಗ ಪ್ರೇಕ್ಷಕರೆದುರೇ ಸ್ವರ ಒಡೆಯಿತು. ಉಳಿದ ಪ್ರದರ್ಶನಗಳಿಂದ ಅವರು ಹಿಂದೆ ಸರಿದರು. ಅದೇ ವರ್ಷ ಧ್ವನಿತಂತುವಿನಲ್ಲಿದ್ದ ಸಿಸ್ಟ್ ಎಂಬ ಗಂಟಿಗೆ ಶಸ್ತ್ರಚಿಕಿತ್ಸೆಯಾಯಿತು. ಅದು ಹುಟ್ಟಿನಿಂದಲೇ ಇದ್ದ ದೋಷ ಎಂದು ತಿಳಿಸಲಾಯಿತು. ಆದ್ದರಿಂದ ಅವರ ಸಂಕಟಕ್ಕೆ ಅತಿಯಾದ ದುಡಿತವೊಂದೇ ಕಾರಣವೆಂದು ತೀರ್ಪು ಕೊಡುವವರು ವೈದ್ಯಕೀಯ ಸತ್ಯವನ್ನು ಬದಿಗೊತ್ತಬೇಕಾಗುತ್ತದೆ. ಆದರೂ ಒಂದು ಮಾತು ಉಳಿಯುತ್ತದೆ. ದೋಷವಿದ್ದ ಕಂಠದಿಂದ ಅಷ್ಟು ತೀವ್ರತೆಯನ್ನು ಬೇಡಿದವರು ಯಾರು? ಯಾವ ಗುಣಕ್ಕಾಗಿ, ಅಂದರೆ ಏನನ್ನೂ ಉಳಿಸಿಕೊಳ್ಳದೆ ಹಾಡುತ್ತಾರೆ ಎಂಬುದಕ್ಕಾಗಿ ವಿಮರ್ಶಕರು ಅವರನ್ನು ಕೊಂಡಾಡಿದ್ದರೋ ಅದನ್ನೇ ಅನಂತರ ಅವಿವೇಕವೆಂದು ಬರೆದರು.

2010ರಲ್ಲಿ ವಿಲ್ಲಜೋನ್ ವಿಯೆನ್ನಾದ ರಂಗಕ್ಕೆ ಮರಳಿದರು. ಅನಂತರದ್ದು ಬೇರೊಂದು ಬದುಕು. ಮೊಜಾರ್ಟ್ ಕೃತಿಗಳ ಗಾಯನ, ಒಪೇರಾ ನಿರ್ದೇಶನ, ಕಾದಂಬರಿ ರಚನೆ, ಸಾಲ್ಜ್‌ಬರ್ಗಿನ ಮೊಜಾರ್ಟ್ ಸಪ್ತಾಹದ ಕಲಾ ನಿರ್ದೇಶನ. 2018ರಲ್ಲಿ ಜರ್ಮನಿಯ ಬಾಡೆನ್ ಬಾಡೆನ್‌ನಲ್ಲಿ ಧ್ವನಿಮುದ್ರಿಸಿದ ‘ದಿ ಮ್ಯಾಜಿಕ್ ಫ್ಲೂಟ್’ನಲ್ಲಿ ಅವರು ಹಾಡಿದ್ದು ಬ್ಯಾರಿಟೋನ್ ಪಾತ್ರವಾದ ಪಾಪಗೇನೊ. ಇದನ್ನು ಸೋಲು ಎನ್ನಲಾಗದು. ಇಷ್ಟು ಸಮೃದ್ಧವಾಗಿ ಬದುಕನ್ನು ಮರುಕಟ್ಟಿಕೊಂಡ ಗಾಯಕರು ಕಡಿಮೆ. ಆದರೆ 2005ರ ವಿಮರ್ಶೆಗಳು ಭವಿಷ್ಯ ನುಡಿದದ್ದು ಇದನ್ನಲ್ಲ.

ಬೇಡ ಎಂದವರು

ಉಲ್ಟಾ ಉದಾಹರಣೆಗಳೂ ಇವೆ. ಕ್ಯಾನರಿ ದ್ವೀಪಗಳಲ್ಲಿ 1927ರಲ್ಲಿ ಹುಟ್ಟಿದ ಆಲ್ಫ್ರೆಡೊ ಕ್ರಾಸ್ ತಮಗೆ ಹೊಂದುವ ಕೆಲವೇ ಪಾತ್ರಗಳ ಸುತ್ತ ಬೇಲಿ ಹಾಕಿಕೊಂಡರು. ಪುಚ್ಚೀನಿಯ ಭಾರದ ಪಾತ್ರಗಳಿಂದ ಬಹುಮಟ್ಟಿಗೆ ದೂರ ಉಳಿದರು. ಅತಿಯಾದ ಎಚ್ಚರ, ತಣ್ಣನೆಯ ಗಾಯನ ಎಂಬ ಟೀಕೆ ಅವರ ಬೆನ್ನಿಗಿತ್ತು. ಆ ಟೀಕೆ ಮಾಡಿದವರ ಮೆಚ್ಚಿನ ಗಾಯಕರು ಒಬ್ಬೊಬ್ಬರಾಗಿ ಮೌನವಾದ ಮೇಲೂ ಕ್ರಾಸ್ ಅರುವತ್ತೈದು ದಾಟಿ ಹಾಡುತ್ತಲೇ ಇದ್ದರು.

ಪೆರುವಿನ ಹುವಾನ್ ಡಿಯೆಗೊ ಫ್ಲೋರೆಸ್ ಕೂಡ ಬದಲಿಯಾಗಿಯೇ ಬೆಳಕಿಗೆ ಬಂದವರು. 1996ರಲ್ಲಿ, 23ನೆಯ ವಯಸ್ಸಿನಲ್ಲಿ, ಇಟಲಿಯ ಪೆಸಾರೊದ ರೊಸ್ಸೀನಿ ಉತ್ಸವದಲ್ಲಿ ಕೊನೆಯ ಗಳಿಗೆಯಲ್ಲಿ ಪಾತ್ರ ವಹಿಸಿ ಗೆದ್ದರು. 2007ರಲ್ಲಿ ಮಿಲಾನ್‌ನ ಲಾ ಸ್ಕಾಲಾದಲ್ಲಿ ಡೊನಿಜೆತ್ತಿಯ ಒಂಬತ್ತು ತಾರಸ್ವರಗಳ ಪ್ರಸಿದ್ಧ ಹಾಡನ್ನು ಪ್ರೇಕ್ಷಕರ ಒತ್ತಾಯಕ್ಕೆ ಮತ್ತೆ ಹಾಡಿ, ಏಳು ದಶಕಗಳಿಗೂ ಮೀರಿ ಆ ರಂಗಮಂದಿರದಲ್ಲಿದ್ದ ಮರುಗಾಯನ ನಿಷೇಧವನ್ನು ಮುರಿದರು. ಅಷ್ಟು ಜನಪ್ರಿಯತೆಯ ಎತ್ತರದಲ್ಲಿದ್ದಾಗಲೇ, 2008ರಲ್ಲಿ, ವೆರ್ದಿಯ ‘ರಿಗೊಲೆತ್ತೊ’ದ ಡ್ಯೂಕ್ ಪಾತ್ರವನ್ನು ಪ್ರಯತ್ನಿಸಿ, ತಮ್ಮ ಕಂಠಕ್ಕೆ ಸದ್ಯಕ್ಕೆ ಒಗ್ಗುವುದಿಲ್ಲವೆಂದು ಪಕ್ಕಕ್ಕಿಟ್ಟರು. ‘ತ್ರವಿಯಾತಾ’ದ ಅಲ್ಫ್ರೇದೊ ಆಗಿ ಮೆಟ್ರೋಪಾಲಿಟನ್ ರಂಗವೇರಿದ್ದು 2018ರಲ್ಲಿ, 45ನೆಯ ವಯಸ್ಸಿನಲ್ಲಿ. ಆ ಪಾತ್ರವನ್ನು ಇಪ್ಪತ್ತೈದರಲ್ಲೇ ಹಾಡುವವರಿದ್ದಾರೆ.

ಕ್ರಾಸ್, ಫ್ಲೋರೆಸ್ ಇಬ್ಬರದೂ ಹಗುರ ಕಂಠ. ಹಗುರ ಕಂಠದವರಿಗೆ ಸಂಯಮ ಸುಲಭ, ಸ್ಪಿಂತೊಗಳಿಗೆ ಅಲ್ಲ ಎಂಬ ವಾದವಿದೆ. ಅದರಲ್ಲಿ ಹುರುಳಿಲ್ಲದಿಲ್ಲ. ಭಾರದ ಪಾತ್ರ ಹಾಡಬಲ್ಲ ಟೆನರ್‌ಗಳು ಜಗತ್ತಿನಲ್ಲಿ ಯಾವ ಕಾಲಕ್ಕೂ ಬೆರಳೆಣಿಕೆಯಷ್ಟು. ‘ಟೋಸ್ಕಾ’, ‘ಕಾರ್ಮೆನ್’, ‘ತುರಾಂದೊತ್’, ‘ಐದಾ’ ಇಲ್ಲದೆ ಯಾವ ದೊಡ್ಡ ರಂಗಮಂದಿರದ ಗಲ್ಲಾಪೆಟ್ಟಿಗೆಯೂ ನಡೆಯದು. ಹೀಗಾಗಿ ಸ್ಪಿಂತೊ ಲಕ್ಷಣವಿರುವ ಯುವಕ ಕಣ್ಣಿಗೆ ಬಿದ್ದ ಕೂಡಲೇ ಎಲ್ಲರೂ ಒಂದೇ ಬಾರಿಗೆ ಮುತ್ತುತ್ತಾರೆ. ಎಪ್ಪತ್ತರ ದಶಕದ ಕೊನೆಯಲ್ಲಿ ಹೊಸೆ ಕರೇರಾಸ್ ಅವರ ಸುಕೋಮಲ ಶಾರೀರವನ್ನು ‘ಐದಾ’ದ ಸೇನಾನಿ ರದಮೇಸ್ ಪಾತ್ರಕ್ಕೆ, ಅದೂ ಸಾಲ್ಜ್‌ಬರ್ಗಿನ ವಿಶಾಲ ರಂಗದ ಮೇಲೆ ತಂದು ನಿಲ್ಲಿಸಿದವರು ಹರ್ಬರ್ಟ್ ಫಾನ್ ಕಾರಾಯನ್. ಆ ಕಾಲದ ಅತ್ಯಂತ ಪ್ರಭಾವಶಾಲಿ ವಾದ್ಯವೃಂದ ನಿರ್ದೇಶಕ ಕರೆದಾಗ ಮೂವತ್ತೆರಡರ ಗಾಯಕ ಬೇಡವೆನ್ನುವುದು ಎಷ್ಟು ಕಷ್ಟವೆಂದು ಊಹಿಸಬಹುದು.

ಒಪ್ಪಂದಗಳ ವ್ಯವಸ್ಥೆಯೂ ಯುವ ಗಾಯಕರ ಪರವಾಗಿಲ್ಲ. ದೊಡ್ಡ ರಂಗಮಂದಿರಗಳು ಮೂರರಿಂದ ಐದು ವರ್ಷ ಮುಂಚಿತವಾಗಿ ಪಾತ್ರಗಳನ್ನು ಗೊತ್ತುಪಡಿಸುತ್ತವೆ. ಎಂದರೆ ಗಾಯಕ ಇಂದು ಸಹಿ ಹಾಕುವುದು ತನ್ನಲ್ಲಿ ಇನ್ನೂ ಇಲ್ಲದ, ಐದು ವರ್ಷಗಳ ಅನಂತರ ಇರಬಹುದೆಂದು ಅಂದಾಜಿಸಿದ ಕಂಠವನ್ನು ನಂಬಿ. ಅತಿಥಿ ಗಾಯಕರಿಗೆ ಸಂಭಾವನೆ ಸಿಗುವುದು ಪ್ರದರ್ಶನದ ಲೆಕ್ಕದಲ್ಲಿ. ಹಾಡದಿದ್ದರೆ ಸಾಮಾನ್ಯವಾಗಿ ಹಣವಿಲ್ಲ. ನೆಗಡಿಯಾದರೂ, ಗಂಟಲು ನೊಂದರೂ ಹಾಡಿಬಿಡೋಣ ಎನ್ನಿಸುವುದು ಸಹಜ. 2020ರಲ್ಲಿ ಕೊರೊನಾದಿಂದ ರಂಗಮಂದಿರಗಳು ಮುಚ್ಚಿದಾಗ ಈ ವ್ಯವಸ್ಥೆಯ ಕ್ರೌರ್ಯ ಬಯಲಾಯಿತು. ಒಪ್ಪಂದಗಳಿದ್ದೂ ಕೈಯಲ್ಲಿ ಕಾಸಿಲ್ಲದೆ ಕುಳಿತವರಲ್ಲಿ ಹೆಸರಾಂತರೂ ಇದ್ದರು. ಆ ಬರಗಾಲ ಕಂಡ ಪೀಳಿಗೆಗೆ ‘ಈ ವರ್ಷ ಕಡಿಮೆ ಹಾಡು’ ಎಂದು ಉಪದೇಶಿಸುವುದು ಸುಲಭವಲ್ಲ.

ಧ್ವನಿಮುದ್ರಣ ಸಂಸ್ಥೆಗಳದು ಇನ್ನೊಂದು ಅವಸರ. ಡೆಕ್ಕಾ ಡಿ ತೊಮಾಸೊರನ್ನು ಕರೆತಂದ ಸುಮಾರಿಗೆ, 2021ರಲ್ಲಿ, ಡಾಯ್ಚ ಗ್ರಾಮೊಫೋನ್ ಸಂಸ್ಥೆಯು ಚಿಲಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಜೊನಾಥನ್ ಟೆಟೆಲ್‌ಮನ್ ಜೊತೆ ಒಪ್ಪಂದ ಮಾಡಿಕೊಂಡಿತು. ಅವರೂ ಬ್ಯಾರಿಟೋನ್ ಆಗಿ ಕಲಿತವರು, ನಡುವೆ ಹಾಡುವುದನ್ನೇ ಬಿಟ್ಟು ನ್ಯೂಯಾರ್ಕಿನ ನೈಟ್‌ಕ್ಲಬ್‌ಗಳಲ್ಲಿ ಡಿಜೆ ಆಗಿದ್ದವರು. 2024ರಲ್ಲಿ ಮೆಟ್ರೋಪಾಲಿಟನ್ ಪ್ರವೇಶಿಸಿದರು. ಇಬ್ಬರ ಕತೆಯೂ ಪ್ರಚಾರಕ್ಕೆ ಹೇಳಿ ಮಾಡಿಸಿದಂತಿದೆ. ಆಲ್ಬಂ ಮಾತ್ರ ಒಂದು ಭ್ರಮೆ ಹುಟ್ಟಿಸುತ್ತದೆ. ಮೈಕ್‌ನ ಮುಂದೆ, ಬೇಕಾದಷ್ಟು ಬಾರಿ, ಮೂರು ನಿಮಿಷದ ಹಾಡನ್ನು ಹಾಡಿ ಮುದ್ರಿಸಿದ್ದಕ್ಕೂ ಅದೇ ಪಾತ್ರವನ್ನು ಮೂರು ಗಂಟೆ ರಂಗದ ಮೇಲೆ ಹೊರುವುದಕ್ಕೂ ಹೋಲಿಕೆಯಿಲ್ಲ. ಹಾಡು ಕೇಳಿದ ಅಭಿಮಾನಿ ಪಾತ್ರವನ್ನೂ ಬಯಸುತ್ತಾನೆ, ರಂಗಮಂದಿರ ಕರೆ ಕಳುಹಿಸುತ್ತದೆ.

ವಿಮರ್ಶಕರ ಹೊಣೆ ಇಲ್ಲಿ ಸಣ್ಣದಲ್ಲ. ಪತ್ರಿಕೆಗಳಲ್ಲಿ ಸಂಗೀತ ವಿಮರ್ಶೆಯ ಜಾಗ ಕುಗ್ಗಿದಂತೆ ‘ತಾರೆಯ ಉದಯ’ಕ್ಕೆ ಮಾತ್ರ ಸ್ಥಳ ಸಿಗುತ್ತಿದೆ. ಉಸಿರು ಎಲ್ಲಿ ಗಿಡ್ಡವಾಯಿತು, ಮೃದುವಾಗಿ ಹಾಡಬೇಕಾದಲ್ಲಿ ಜೋರು ಏಕೆ ಬಂತು ಎಂದು ಬರೆಯಲು ಜಾಗವಿಲ್ಲ. ಯುವ ಗಾಯಕನಿಗೆ ನಿಜಕ್ಕೂ ಉಪಯೋಗಕ್ಕೆ ಬರುವುದು ಈ ಎರಡನೆಯ ಬಗೆಯ ಬರೆಹ. ‘ಟೋಸ್ಕಾ’ದ ಮೂರನೆಯ ಅಂಕದಲ್ಲಿ ಮರಣದಂಡನೆಗೆ ಮುನ್ನ ಕವರದೋಸ್ಸಿ ಹಾಡುವ ವಿದಾಯ ಗೀತೆ ಪಿಸುಮಾತಿನಂತೆ ಆರಂಭವಾಗುತ್ತದೆ. ಎರಡನೆಯ ಅಂಕದ ವಿಜಯಘೋಷಕ್ಕೆ ಬರುವ ಚಪ್ಪಾಳೆಗಿಂತ ಆ ಪಿಸುಮಾತು ಎಷ್ಟು ಶುದ್ಧವಾಗಿ ಬರುತ್ತದೆ ಎಂಬುದೇ ಕಂಠದ ಆರೋಗ್ಯದ ನಿಜವಾದ ಅಳತೆಗೋಲು.

ಡಿ ತೊಮಾಸೊ ಮುಂದೆ ಹಾದಿ ತೆರೆದಿದೆ. ಮೂವತ್ತರ ಆರಂಭದಲ್ಲಿರುವ ಅವರು ಇನ್ನು ಹತ್ತು ವರ್ಷಗಳಲ್ಲಿ ವೆರ್ದಿಯ ಒತೆಲ್ಲೊವನ್ನು ಯಾವಾಗ ಹಾಡುತ್ತೀರಿ ಎಂಬ ಪ್ರಶ್ನೆಯನ್ನು ಪ್ರತಿ ಸಂದರ್ಶನದಲ್ಲೂ ಎದುರಿಸಬೇಕಾದೀತು. ಡೊಮಿಂಗೊ ಆ ಪಾತ್ರವನ್ನು 1975ರಲ್ಲಿ, 34ನೆಯ ವಯಸ್ಸಿನಲ್ಲಿ ಹ್ಯಾಂಬರ್ಗ್‌ನಲ್ಲಿ ಹಾಡಿ ಎಚ್ಚರಿಸಿದವರ ಬಾಯಿ ಮುಚ್ಚಿಸಿದರು. ಪವರೊಟ್ಟಿ ರಂಗದ ಮೇಲೆ ಅದನ್ನು ಮುಟ್ಟಲೇ ಇಲ್ಲ, 1991ರಲ್ಲಿ ಸಂಗೀತ ಕಛೇರಿಯ ರೂಪದಲ್ಲಷ್ಟೇ ಹಾಡಿದರು. ಕೊರೆಲ್ಲಿಯ ಕಂಠ ಒತೆಲ್ಲೊಗಾಗಿಯೇ ಹುಟ್ಟಿದ್ದೆಂದು ಅವರ ಕಾಲದ ಅಭಿಮಾನಿಗಳು ನಂಬಿದ್ದರು. ಎರಡೂವರೆ ದಶಕಗಳ ವೃತ್ತಿಜೀವನ ಮುಗಿಸಿ 1976ರಲ್ಲಿ ಅವರು ನಿವೃತ್ತರಾದಾಗ ಆ ಪಾತ್ರವನ್ನು ಒಮ್ಮೆಯೂ ರಂಗದ ಮೇಲೆ ಹಾಡಿರಲಿಲ್ಲ.